ಏಳನೆಯ ಪ್ರಶ್ನೆಗೆ ಉತ್ತರ

ಒಟ್ಟಾವದಿಂದ ಬಂದ ಫಾರ್ಮಿನಲ್ಲಿ
ಏಳನೆಯ ಪ್ರಶ್ನೆ ಹೀಗಿದೆ:
'ನಿಮ್ಮ ಗಸ್ತಿನ ವಲಯದಲ್ಲಿ ಈ ವರ್ಷ
ಕಂಡುಬಂದ ಬೆದರಿಕೆಗಳನ್ನು ನಮೂದಿಸಿ.'
ಕೆಳಗೆ ಎರಡು ಗೆರೆಯಷ್ಟು ಜಾಗ.

ಕ್ಯಾಪ್ಟನ್ ಡೆಸ್ರೋಶೆ, ಮೀಸೆಯಿನ್ನೂ ಬಲಿಯದ ಹುಡುಗ ನೀನು,
ಕೂತುಕೋ. ಚಹಾ ಕುಡಿ.
ಎರಡು ಗೆರೆಯಲ್ಲಿ ಹಿಡಿಸುವಂಥದ್ದಲ್ಲ ಇದು.

ನಾನು ಪನಿಗಾವ್ಲುಕ್. ಇಪ್ಪತ್ತಾರು ವರ್ಷದಿಂದ ರೇಂಜರ್.
ಸರಕಾರ ಕೊಟ್ಟದ್ದು ಒಂದು ಕೆಂಪು ಅಂಗಿ, ಒಂದು ಬಂದೂಕು.
ಕರಡಿಗೆ ಬಿಟ್ಟು ಬೇರೆ ಯಾರಿಗೂ ಗುರಿಯಿಟ್ಟವಳಲ್ಲ.
ಇಡುವ ಪ್ರಸಂಗವೇ ಬರಲಿಲ್ಲ,
ಯಾಕೆಂದರೆ ನನಗಿಂತ ದೊಡ್ಡ ಪಹರೆಯವನೊಬ್ಬ
ಬಡಗಣ ದಿಕ್ಕಿಗೆ ಮೈಚಾಚಿ ಮಲಗಿದ್ದ.
ಸಂಬಳವಿಲ್ಲ, ರಜೆಯಿಲ್ಲ,
ಒಂಬತ್ತು ತಿಂಗಳು ಕಣ್ಣು ಮಿಟುಕಿಸದವನು.
ನಾವು ಅವನನ್ನು ಸಿಕು ಅಂತೇವೆ.
ನಿಮ್ಮ ಕಡತದಲ್ಲಿ ಬರೀ ಸಮುದ್ರದ ಮಂಜುಗಡ್ಡೆ.

ಬೇಲಿಯೇ ಎದ್ದು ಹೊಲ ಮೇಯುವುದಂತೆ ಕೆಲವು ಊರುಗಳಲ್ಲಿ.
ಇಲ್ಲಿ ಹೊಲವೂ ಇಲ್ಲ.
ಬೇಲಿ ಸುಮ್ಮನೆ ಎದ್ದು ಹೋಯಿತು.

ಆ ಬಿಳಿ ಗುಮ್ಮಟ ನೋಡು. ನನ್ನಪ್ಪ ಅದರ ಕೆಳಗೆ
ಎಣ್ಣೆಯ ಪೀಪಾಯಿ ಉರುಳಿಸಿದವ.
ಬಾಂಬು ಹೊತ್ತ ವಿಮಾನ ಧ್ರುವ ದಾಟಿ ಬಂದೀತೆಂದು
ಮೂವತ್ತು ವರ್ಷ ಅದು ಆಕಾಶವನ್ನೇ ನೋಡಿತು.
ಬಂದದ್ದು ಕಾಲ ಕೆಳಗಿಂದ.
ಹೋದ ಆಗಸ್ಟಿನಲ್ಲಿ ಮಣ್ಣೊಳಗಿನ ಹಿಮ ಕರಗಿ
ಗುಮ್ಮಟ ಒಂದು ಪಕ್ಕಕ್ಕೆ ವಾಲಿತು,
ಕುಡಿದು ಮನೆಗೆ ಬಂದ ಮಾವನ ಹಾಗೆ.
ಎಂಜಿನಿಯರುಗಳು ತೂಗುಗುಂಡು ಇಳಿಬಿಟ್ಟು ನೋಡಿದರು,
ಗುಮ್ಮಟದ ತಪ್ಪಿಲ್ಲ, ನೆಲದ್ದು ಅಂದರು.

ಬರಕೋ, ಹಡಗಿನದ್ದೂ ಬರಕೋ.
ಸೆಪ್ಟೆಂಬರ್ ಹದಿನೇಳು, ಬೆಳಗಿನ ಜಾವ.
ಕೂಗಿದರೆ ಓಗೊಡದ, ಗುರುತು ಹೇಳದ ಹಡಗು.
ನಾನೂ ಸೈಲಸ್ಸೂ ದಿಬ್ಬದ ಮೇಲೆ ಬೋರಲು ಮಲಗಿ
ರೇಡಿಯೋದಲ್ಲಿ ನಿಮ್ಮನ್ನು ಕರೆದೆವು.
ಯೆಲ್ಲೋನೈಫಿನಿಂದ ವಿಮಾನ ಎದ್ದಿತಂತೆ,
ಕಾವಳ ಕಂಡು ಹಿಂದಿರುಗಿತಂತೆ.
ದುರ್ಬೀನಿನಲ್ಲಿ ಕಂಡವರು ಯಾರು?
ಕಿತ್ತಳೆ ಜಾಕೀಟಿನ ಮುದುಕ ಮುದುಕಿಯರು,
ಕೈಯಲ್ಲಿ ವೈನಿನ ಗ್ಲಾಸು.
ನಮಗೆ ಟಾಟಾ ಮಾಡಿದರು.
ಸೈಲಸ್ ನಕ್ಕ. ಬೋಲ್ಟು ಎಳೆದ ಕೈಯಲ್ಲೇ ತಿರುಗಿ ಟಾಟಾ ಮಾಡಿದ.
ನಾನು ನಗಲಿಲ್ಲ.
ಇವರು ಬರಬಲ್ಲರೆಂದರೆ
ಇವರ ಹಿಂದೆ ಯಾರು ಬೇಕಾದರೂ ಬಂದಾರು.

ಅದೇ ಸೈಲಸ್ ನವೆಂಬರಿನಲ್ಲಿ,
ನಲವತ್ತು ವರ್ಷ ಓಡಾಡಿದ ದಾರಿಯಲ್ಲಿ,
ಗಾಡಿಯ ಸಮೇತ ಒಳಗೆ ಹೋದ.
ಅವನ ಈಟಿ ಮಾತ್ರ ಅಡ್ಡಬಿದ್ದು ಮೇಲೆ ಉಳಿಯಿತು.
ಅದರಿಂದ ತಟ್ಟಿ, ಕಿವಿಗೊಟ್ಟು ಕೇಳುತ್ತಿದ್ದ:
ದಪ್ಪವೆಷ್ಟು, ವಯಸ್ಸೆಷ್ಟು,
ಇವತ್ತು ಸಿಟ್ಟೋ ಸಮಾಧಾನವೋ.
ಸಿಕು ಸುಳ್ಳು ಹೇಳಲು ಕಲಿತದ್ದು ಈಚೆಗೆ.

ಅವನನ್ನು ಯಾವ ಖಾನೆಗೆ ಹಾಕುತ್ತೀ?
'ಕಾರ್ಯಾಚರಣೆಯಲ್ಲಿ ಮಡಿದವರು' ಅಂದರೆ
ಶತ್ರುವಿನ ಹೆಸರು ಕೇಳುತ್ತದೆ ಫಾರ್ಮು.
'ಅಪಘಾತ' ಅಂದರೆ
ಅವನ ಹೆಂಡತಿ ಪರ್ಸಿಸ್ ನನ್ನ ಮುಖ ನೋಡುವುದಿಲ್ಲ.

ಮಂತ್ರಿಗಳು ಹೊಸ ನೀತಿ ಬರೆದಿದ್ದಾರಂತೆ, ನೂರಾ ಹನ್ನೆರಡು ಪುಟ.
ಹೊಸ ಹಡಗು, ಹೊಸ ರಾಡಾರು, ನೀರಡಿಯ ಕಿವಿಗಳು.
ಬರಲಿ, ಬೇಡ ಅನ್ನುವುದಿಲ್ಲ.
ಅವೂ ಎಣ್ಣೆ ಕುಡಿದೇ ಬರುತ್ತವಲ್ಲಮ್ಮಾ ಅಂದಳು ನನ್ನ ಮಗಳು.
ಅವಳಿಗೆ ಹದಿಮೂರು. ಬಾಯಿ ಜಾಸ್ತಿ.

ಬೆಳಿಗ್ಗೆ ನೀನು ನಕ್ಷೆ ಬಿಚ್ಚಿದೆಯಲ್ಲ,
ದೇಶದ ಅಂಚು ಎಲ್ಲಿ ತೋರಿಸಿ ಎಂದು.
ನಾನು ಬೆರಳಿಟ್ಟೆ.
ಇನ್ನೂ ಆಚೆ, ಗೆರೆ ಅಲ್ಲಿದೆ, ಎಂದೆ ನೀನು.
ಆ ಗೆರೆಗೂ ಈ ಬೆರಳಿಗೂ ನಡುವೆ
ನನ್ನಜ್ಜಿಯ ಗೋರಿಯಿತ್ತು,
ಮೀನು ಒಣಹಾಕುವ ಅಟ್ಟಣಿಗೆಯಿತ್ತು,
ಮಕ್ಕಳು ಚೆಂಡಾಡುವ ಬಯಲಿತ್ತು.
ಒಂದು ಗುಂಡೂ ಹಾರದೆ ಹೋದ ದೇಶ,
ನನ್ನ ಉಗುರಿನಷ್ಟಗಲ.
ಯಾರೂ ಬಾವುಟ ಇಳಿಸಲಿಲ್ಲ.

ಚಹಾ ಆರಿತು. ಇನ್ನೊಂದು ಲೋಟ ಕೊಡಲೇ?
ಏಳನೆಯದಕ್ಕೆ ಏನು ಬರೆದೆ, ಓದು.
ಪೆನ್ನಿನ ಮಸಿ ಹೆಪ್ಪುಗಟ್ಟಿದೆ ಅನ್ನಬೇಡ.
ಆ ನೆಪ
ಇಲ್ಲಿ ಈಗ ನಡೆಯುವುದಿಲ್ಲ.